ಹೊಗೆಯಪ್ಪ ತಿರುಗಿಸಿದ ಗಾಳಿ

ಇನ್ನೂ ಹಾಕದ ರಸ್ತೆಯಲ್ಲಿ ಇನ್ನೂ ಓಡದ ಲಾರಿಗಳು ಎಷ್ಟು ಹೊಗೆ ಬಿಡುತ್ತವೆ, ಅದು ಯಾರ ಮೂಗಿಗೆ ಹೋಗುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಹೇಳುವುದೇ ಅವನ ಕಸುಬು. ಆಫೀಸಿನಲ್ಲಿ ಎಲ್ಲರಿಗೂ ಅವನು ಹೊಗೆಯಪ್ಪ. ಅವನ ವರದಿ ಬಾರದೆ ರಸ್ತೆಗೆ ಒಪ್ಪಿಗೆ ಸಿಗುತ್ತಿರಲಿಲ್ಲ. ಆಸಾಮಿ ಕೆಲಸದಲ್ಲಿ ಚುರುಕು, ವಾದಕ್ಕಿಳಿದರೆ ಮಾತ್ರ ಹಿಡಿದ ಮೊಲಕ್ಕೆ ಮೂರೇ ಕಾಲು. ಮಕ್ಕಳು ಕಾಲೇಜು ಸೇರಿದರೂ 'ತಪ್ಪು ನಂದೇ' ಎಂಬ ಮಾತನ್ನು ಅವನ ಬಾಯಿಂದ ಹೆಂಡತಿ ಕೇಳಿರಲಿಲ್ಲ.

ಈ ಸಲ ಅಗಲವಾಗಬೇಕಿದ್ದದ್ದು ಅವನ ಅತ್ತೆಯ ಮನೆ ಮುಂದಿನ ರಸ್ತೆ. ಅತ್ತೆಗೆ ಉಬ್ಬಸ. ಪಕ್ಕದವರು ಕಸ ಸುಟ್ಟರೂ ರಾತ್ರಿಯಿಡೀ ಕೂತೇ ಕಳೆಯುವ ಜೀವ.

"ಹೊಗೆಯೆಲ್ಲ ಆಚೆ ಬಯಲಿಗೆ ಹೋಗತ್ತೆ ಅತ್ತೆ. ಕಿಟಕಿ ತೆಗೆದಿಟ್ಟು ಮಲಗಿ" ಎಂದಿದ್ದ. ಅತ್ತೆ ಅದನ್ನು ಬೀದಿಗೆಲ್ಲ ಹೇಳಿ, ತಕರಾರು ತೆಗೆದವರ ಬಾಯಿ ಮುಚ್ಚಿಸಿದ್ದರು.

ಸಾರ್ವಜನಿಕ ಸಭೆಯ ದಿನ ಬೆಳಿಗ್ಗೆ ವರದಿ ತಿರುವುತ್ತಿದ್ದವನ ಕಣ್ಣಿಗೆ ತಪ್ಪೊಂದು ಬಿತ್ತು. ಗಾಳಿ ಎತ್ತ ಕಡೆಯಿಂದ ಬರುತ್ತದೆಂದು ತುಂಬಬೇಕಾದಲ್ಲಿ ಎತ್ತ ಹೋಗುತ್ತದೆಂದು ತುಂಬಿದ್ದ. ಕಂಪ್ಯೂಟರು ಪಾಪ, ಹೇಳಿದ ಮಾತು ಕೇಳಿ ಇಡೀ ಊರಿನ ಗಾಳಿಯನ್ನೇ ಹಿಂದುಮುಂದು ಮಾಡಿತ್ತು. ಸರಿಪಡಿಸಿ ನೋಡಿದರೆ, ನಕ್ಷೆಯಲ್ಲಿ ಹೊಗೆ ತೋರಿಸುವ ಕೆಂಪು ಕಲೆ ಬಯಲು ಬಿಟ್ಟು ಸೀದಾ ಅತ್ತೆಯ ಮನೆ ಮೇಲೆ ಬಂದು ಕೂತಿತು.

ಓಡಿ ಹೋಗಿ ಮೇಲಧಿಕಾರಿಗೆ ಹೇಳಿದ.

"ಈಗ ಬಾಯಿ ಬಿಟ್ರೆ ಎಲ್ಲಾ ಮೊದಲಿಂದ ಮಾಡ್ಬೇಕು ಕಣಯ್ಯ. ಸುಮ್ನಿರು. ಗಾಳಿ ಏನು ನಿಮ್ಮಪ್ಪನ ಮನೆದಾ?"

"ಅಪ್ಪನ ಮನೆದಲ್ಲ ಸಾರ್, ಅತ್ತೆ ಮನೆದು."

ಸಭೆಯಲ್ಲಿ ಮುಂದಿನ ಸಾಲಿನಲ್ಲೇ ಅತ್ತೆ, ಪಕ್ಕದಲ್ಲಿ ಹೆಂಡತಿ. ಹೊಗೆಯಪ್ಪ ಮೈಕಿನ ಮುಂದೆ ನಿಂತು, ಮಾಹಿತಿಯ ದೋಷ, ಯಂತ್ರದ ಮಿತಿ ಎಂದೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಡತೊಡಗಿದ. ಏನೂ ಅರ್ಥವಾಗದಿದ್ದರೂ ಅತ್ತೆ ಪ್ರತಿ ಮಾತಿಗೂ ಹೆಮ್ಮೆಯಿಂದ ತಲೆಯಾಡಿಸುತ್ತಿದ್ದರು. ಆ ನಂಬಿಕೆ ಕಂಡು ಅವನಿಗೆ ನಾಚಿಕೆಯಾಯಿತು.

"ಗಾಳಿ ದಿಕ್ಕು ಉಲ್ಟಾ ಹಾಕಿದೀನಿ," ಎಂದುಬಿಟ್ಟ. "ಹೊಗೆ ಮನೆಗಳ ಕಡೆಗೇ ಬರತ್ತೆ. ಈ ವರದಿ ನಂಬ್ಕೊಂಡು ಒಪ್ಪಿಗೆ ಕೊಡ್ಬೇಡಿ. ತಪ್ಪು ನಂದೇ."

ಮೇಲಧಿಕಾರಿ ಹಣೆಗೆ ಕೈ ಕೊಟ್ಟು ಕೂತರು. ಆಗ ಹೆಂಡತಿ ಎದ್ದು ನಿಂತಳು.

"ಅಮ್ಮಂಗೆ ಕೇಳಿಸ್ಲಿಲ್ಲ. ಆ ಕೊನೇ ಮಾತು, ಸ್ವಲ್ಪ ಮೈಕಿನ ಹತ್ರ ಬಂದು ಇನ್ನೊಂದ್ಸಲ ಹೇಳಿ."

"ನಂಗೆ ಚೆನ್ನಾಗೇ ಕೇಳಿಸ್ತು ಕಣೇ," ಎಂದರು ಅತ್ತೆ. "ಆದ್ರೂ ಹೇಳ್ಲಿ."