ಮೂರನೇ ತಿರುವಿನ ಗಾದಿ

ನಮ್ಮದು ಮೋಟಾರ್‌ಸೈಕಲ್ ರೇಸಿನ ತಂಡ. ತಂಡ ಎಂದರೆ ದೊಡ್ಡದೇನಲ್ಲ, ಮೂರು ಜನ. ಓಡಿಸುವವರು ಇಬ್ಬರು: ಕಲಬುರಗಿಯ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆ ಮಾಡುವ ನಾನು, ಕೋಟನೂರಿನ ಶಾಲೆಯಲ್ಲಿ ಆಟ ಕಲಿಸುವ ಪಿಟಿ ಮಾಸ್ತರು. ಬೈಕ್ ಬಿಚ್ಚಿ ಕಟ್ಟುವವರು ಬ್ರಹ್ಮಪುರದಲ್ಲಿ ಗ್ಯಾರೇಜ್ ಇಟ್ಟಿರುವ ಉಸ್ತಾದರು. ಹೆಣ್ಣುಮಗಳು ಮಣ್ಣಿನ ಟ್ರ್ಯಾಕಿನಲ್ಲಿ ಬೈಕ್ ಹಾರಿಸುತ್ತಾಳೆಯೇ ಎಂದು ಬಾಯಿ ಬಿಡುವವರಿಗೆ ಉತ್ತರ ಕೊಡುವುದನ್ನು ನಾನು ಎಂದೋ ಬಿಟ್ಟಿದ್ದೇನೆ.

ಅಭ್ಯಾಸಕ್ಕೆ ಕಮಲಾಪುರಕ್ಕೆ ಹೋಗುತ್ತಿದ್ದೆವು. ಅಲ್ಲಿ ಕೆಂಪು ಬಾಳೆ ಬೆಳೆಯುವ ಹಿರಿಯರೊಬ್ಬರು ಗುಡ್ಡದ ಬುಡದ ತಮ್ಮ ಬೀಳು ಹೊಲವನ್ನು ನಮಗೆ ಬಿಟ್ಟುಕೊಟ್ಟಿದ್ದರು. ಅವರನ್ನು ನಾವು ಕಾಕಾ ಎನ್ನುತ್ತೇವೆ. ಟ್ರ್ಯಾಕ್ ಮಾಡಿಕೊಂಡೆವು, ಬದಿಗೆ ತಗಡಿನ ಶೆಡ್ ಹಾಕಿದೆವು. ಮೂರನೇ ತಿರುವಿನ ಹೊರಗೆ ಸೊಂಟದೆತ್ತರ ಹುಲ್ಲು. ಮಾಸ್ತರು ಆ ತಿರುವಿನಲ್ಲಿ ಬೀಳದ ದಿನವೇ ಇರಲಿಲ್ಲ, ಏಕೆಂದರೆ ಬ್ರೇಕ್ ಹಿಡಿದರೆ ಅವರಿಗೆ ಮಾನ ಹೋದಂತೆ. ಪ್ರತಿ ವರ್ಷ ಬೇಸಿಗೆಗೆ ಮೊದಲು ಕಾಕಾ ಕೊಯ್ಯಿಸುತ್ತಿದ್ದ ಆ ಹುಲ್ಲನ್ನು ಈ ಸಲ ಬಿಡಿ ಎಂದು ಮಾಸ್ತರೇ ಕೇಳಿಕೊಂಡರು. ಬಿದ್ದರೆ ಮೆತ್ತಗಿರುತ್ತದೆ. ನಾವು ಅದಕ್ಕೆ ಗಾದಿ ಎಂದು ಹೆಸರಿಟ್ಟೆವು. ಗಾದಿಯ ಒಂದು ತುದಿ ಗುಡ್ಡಕ್ಕೆ, ಇನ್ನೊಂದು ತುದಿ ಶೆಡ್ಡಿಗೆ ಅಂಟಿಕೊಂಡಿತ್ತು. ಹಾರುವುದು ಹೇಗೆ, ಬೀಳುವುದು ಹೇಗೆ ಎಂದೆಲ್ಲ ತಲೆ ಕೆಡಿಸಿಕೊಳ್ಳುವ ನಮಗೆ ಇದರ ಅಪಾಯ ಹೊಳೆಯಲೇ ಇಲ್ಲ.

ಬೇಸಿಗೆಯ ಒಂದು ಮಧ್ಯಾಹ್ನ ಕಾಕಾ ಫೋನ್ ಮಾಡಿದರು. "ಗುಡ್ಡಕ್ಕ ಬೆಂಕಿ ಹತ್ಯದವ್ವಾ. ಲಗೂನ ಬರ್ರಿ."

ಮೂವರೂ ಹುಮನಾಬಾದ್ ರಸ್ತೆ ಹಿಡಿದು ಓಡಿದೆವು. ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು. ಕಾಕಾ ಪೈಪ್ ಹಿಡಿದು ನಿಂತು ತೋಟ ಉಳಿಸಿಕೊಂಡಿದ್ದರು, ಅಂಚಿನ ಒಂದು ಸಾಲು ಬಾಳೆ ಮಾತ್ರ ಬೆಂದು ಜೋತುಬಿದ್ದಿತ್ತು. ಶೆಡ್ಡಿನ ತಗಡು ಸೊಟ್ಟಗಾಗಿತ್ತು. ಒಳಗೆ ಮಾಸ್ತರ ಬೈಕು, ಅಭ್ಯಾಸದ ಬೈಕು, ಟೈರು, ಹೆಲ್ಮೆಟ್ಟು ಯಾವುದೂ ಉಳಿದಿರಲಿಲ್ಲ. ಉಳಿದದ್ದು ನನ್ನ ಬೈಕೊಂದೇ, ಅದೂ ಕೆಟ್ಟು ಉಸ್ತಾದರ ಗ್ಯಾರೇಜಿನಲ್ಲಿ ಬಿದ್ದಿತ್ತು ಎಂಬ ಕಾರಣಕ್ಕೆ. ಅದಕ್ಕೆ ರೇಸಿಗಿಂತ ದವಾಖಾನೆಯೇ ಇಷ್ಟ ಎಂದು ಇಬ್ಬರೂ ನನ್ನನ್ನು ಛೇಡಿಸುತ್ತಿದ್ದರು.

ಗುಡ್ಡದಿಂದ ಶೆಡ್ಡಿನವರೆಗೆ ಗಾದಿಯ ಅಗಲಕ್ಕೇ ಒಂದು ಕರಿ ಪಟ್ಟಿ ಬಿದ್ದಿತ್ತು. ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಸ್ತರು ಅದನ್ನೇ ನೋಡುತ್ತ ನಿಂತರು. ನನಗೆ ವಿಪರೀತ ಸಿಟ್ಟು ಬಂದಿತ್ತು, ಆದರೂ ನುಂಗಿಕೊಂಡೆ. ಬೈದಿದ್ದರೆ ಬಹುಶಃ ಅಲ್ಲಿಗೇ ಮುಗಿಯುತ್ತಿತ್ತು. ನಾವು ಸುಮ್ಮನಿದ್ದುಬಿಟ್ಟೆವು, ಅವರು ಬರುವುದನ್ನೇ ಬಿಟ್ಟರು.

ಫೋನ್ ಮಾಡಿದರೆ ಶಾಲೆಯ ಕೆಲಸ ಎನ್ನುತ್ತಿದ್ದರು. ಬೇಸಿಗೆ ರಜೆಯಲ್ಲಿ ಎಂಥ ಶಾಲೆ? ಸುಟ್ಟ ಬೈಕಿನ ಚೌಕಟ್ಟನ್ನು ಉಸ್ತಾದರು ಗ್ಯಾರೇಜಿಗೆ ತಂದು ಉಜ್ಜುತ್ತಿದ್ದರು. ಒಂದು ದಿನ ತಲೆ ಎತ್ತದೆಯೇ ಅಂದರು, "ಲೋಹಾ ಸೀದಾ ಮಾಡ್ತೀನಿ ಬೇಟಿ. ಮಾಸ್ತರ್‌ಗ ಸೀದಾ ಮಾಡೂದು ನನಗ ಬರಂಗಿಲ್ಲ."

ಆ ವರ್ಷದ ರೇಸಿನ ಆಸೆ ನಾವು ಬಿಟ್ಟಿದ್ದೆವು. ಆದರೆ ಮಾಸ್ತರು ಬೈಕನ್ನೇ ಬಿಟ್ಟುಬಿಟ್ಟರೆ ಎಂಬ ಹೆದರಿಕೆ ಹತ್ತಿತು. ಶಾಲೆ ಶುರುವಾದ ಮೇಲೆ ಕೋಟನೂರಿಗೆ ಹೋದೆ. ಅವರು ಮೈದಾನದಲ್ಲಿ ಸುಣ್ಣದ ಗೆರೆ ಹಾಕುತ್ತಿದ್ದರು.

"ನಾ ಬರಂಗಿಲ್ರೀ ಅಕ್ಕಾರ," ಅಂದರು. "ನನ್ನ ಗಾದಿಲಿಂದೇ ಎಲ್ಲಾ ಸುಟ್ಟದ."

"ಹೌದು, ನಿಮ್ಮ ಗಾದಿಲಿಂದೇ ಸುಟ್ಟದ," ಅಂದೆ. "ಆದ್ರ ಅದರ ಮ್ಯಾಲೆ ನಾನೂ ಬಿದ್ದೀನಿ. ನನ್ನ ಕೈಕಾಲೂ ಅದೇ ಉಳಿಸ್ಯದ."

ಮಾಸ್ತರು ಅಷ್ಟು ಹೊತ್ತಿನಲ್ಲಿ ಮೊದಲ ಸಲ ನನ್ನ ಮುಖ ನೋಡಿದರು. ಗೆರೆ ಸೊಟ್ಟಗಾಗಿದೆ ಎಂದೂ ಹೇಳಿದೆ. ನಿಜವಾಗಿಯೂ ಸೊಟ್ಟಗಾಗಿತ್ತು.

ಆ ಭಾನುವಾರ ಬಂದರು. ಅಷ್ಟರಲ್ಲಿ ಎರಡು ಮಳೆ ಬಿದ್ದು ಕರಿ ಪಟ್ಟಿಯ ಮೇಲೆ ಹಸಿರು ಚಿಗುರಿತ್ತು. ನಮ್ಮಲ್ಲಿ ಒಬ್ಬರ ಬೈಕನ್ನು ಇನ್ನೊಬ್ಬರು ಮುಟ್ಟುವ ಪದ್ಧತಿಯಿಲ್ಲ. ಆದರೂ ಉಸ್ತಾದರು ರಿಪೇರಿ ಮಾಡಿ ತಂದಿದ್ದ ನನ್ನ ಬೈಕಿನ ಹ್ಯಾಂಡಲನ್ನು ಮಾಸ್ತರ ಎತ್ತರಕ್ಕೆ ಏರಿಸಿ ಕೊಟ್ಟೆ. ಅವರು ಹಾಲು ತರಲು ಹೊರಟವರ ಹಾಗೆ ಟ್ರ್ಯಾಕ್ ಸುತ್ತಿದರು. ಮೂರನೇ ತಿರುವಿಗೆ ಬಂದಾಗ ಬ್ರೇಕ್ ಹಿಡಿದರು. ಮತ್ತೊಂದು ಸುತ್ತು, ಮತ್ತೆ ಬ್ರೇಕು. ನೋಡಿ ನನಗೆ ಅಳು ಬಂತು.

ಕಾಕಾ ಕುಡಗೋಲು ಹಿಡಿದ ಆಳಿನ ಜೊತೆ ಬಂದು, "ಹುಲ್ಲು ಪೂರಾ ತಗಸ್ಲೇನ್ರೀ ಮಾಸ್ತರ?" ಎಂದು ಕೇಳಿದರು.

"ಪೂರಾ ತಗಸ್ರಿ ಕಾಕಾ," ಅಂದರು ಮಾಸ್ತರು.

"ತಿರುವಿನಾಗಿಂದು ಬಿಡ್ರಿ," ಅಂದರು ಉಸ್ತಾದರು. "ಶೆಡ್ ನಾವು ಆ ಕಡಿ ಹಾಕ್ತೀವಿ, ನಿಮ್ಮ ನೀರಿನ ಮೋಟಾರ್ ಬಾಜೂಕ. ಗುಡ್ಡದ ಕಡಿಂದು ಅಷ್ಟು ಕೊಯ್ಸ್ರಿ. ಗಾದಿ ಇರ್ಲಿ, ಮಾಸ್ತರ್‌ಗ ಬೇಕಾಗ್ತದ."

ಮಾಸ್ತರು ಕಣ್ಣು ಒರೆಸಿಕೊಂಡು ಮತ್ತೆ ಬೈಕ್ ಹತ್ತಿದರು. ಈ ಸಲ ಸದ್ದು ಬೇರೆಯೇ ಇತ್ತು. ಮೂರನೇ ತಿರುವಿನಲ್ಲಿ ಬ್ರೇಕ್ ಹಿಡಿಯಲಿಲ್ಲ. ಬೈಕ್ ಒಂದು ಕಡೆ, ಅವರೊಂದು ಕಡೆ ಹೋಗಿ ಎಳೆ ಹುಲ್ಲಿನಲ್ಲಿ ಅಂಗಾತ ಬಿದ್ದರು. ನಾನು ಓಡಿದೆ. ಉಸ್ತಾದರು ನಿಂತಲ್ಲೇ ನಿಂತು ಬೀಡಿ ಹಚ್ಚಿದರು.

"ಚಲೋ," ಅಂದರು. "ಮಾಸ್ತರ್ ವಾಪಸ್ ಬಂದಾರ."

ನನ್ನ ಬೈಕಿನ ಕ್ಲಚ್ ಹಿಡಿ ಮುರಿದಿತ್ತು. ಅವತ್ತು ಮಾಸ್ತರನ್ನು ಬಾಯಿ ತುಂಬ ಬೈದೆ.