ಮುಸಫ್ಫಾದಲ್ಲಿ ಸಿಕ್ಕ ಝಪಾಟಾ

ಮುನಿಸ್ವಾಮಿಗೆ ದೇವರು ಎತ್ತರ ಕೊಡಲಿಲ್ಲ, ತಲೆಗೂದಲನ್ನೂ ಉಳಿಸಲಿಲ್ಲ. ಕಡಿಮೆ ಬಿದ್ದದ್ದನ್ನೆಲ್ಲ ಮೀಸೆಯಲ್ಲಿ ತುಂಬಿಕೊಟ್ಟಿದ್ದ. ಮಾಲೂರಿನಿಂದ ಅರಬ್ ನಾಡಿನ ಮುಸಫ್ಫಾಕ್ಕೆ ಬಂದು, ಟ್ಯಾಂಕು ತಯಾರಿಸುವ ಯಾರ್ಡಿನಲ್ಲಿ ಫೋರ್‌ಮನ್ ಆದ ಮೇಲೂ ಅದಕ್ಕೆ ಕೊಬ್ಬರಿ ಎಣ್ಣೆ ತಪ್ಪಲಿಲ್ಲ. ಮಾತು ಮಾತಿಗೂ ಅದರ ಮೇಲೇ ಆಣೆ. ಕಂಪನಿ ಬಸ್ಸು ಹೊತ್ತಿಗೆ ಬರದಿದ್ದರೆ ಅರ್ಧ ಮೀಸೆ, ಬಿರಿಯಾನಿಗೆ ಉಪ್ಪು ಹೆಚ್ಚಾಗಿದ್ದರೆ ಅರ್ಧ ಮೀಸೆ. ಹೆಂಡತಿ ಸುಮಿತ್ರಾಳ ಪ್ರಕಾರ ಅದು ಯಾವಾಗಲೋ ಬೋಳಾಗಬೇಕಿತ್ತು. ನಮ್ಮ ಕಡೆ ಇಂಥ ಆಣೆಯನ್ನು ಯಾರೂ ವಸೂಲು ಮಾಡುವುದಿಲ್ಲ, ಅಷ್ಟೇ.

ಯಾರ್ಡಿಗೆ ಬೆಸುಗೆ ಪರೀಕ್ಷಿಸಲು ಹೊಸದಾಗಿ ಬಂದ ಇನ್‌ಸ್ಪೆಕ್ಟರ್ ರಾಮಿರೊ ಮೆಕ್ಸಿಕೊದವನು. ಮುನಿಸ್ವಾಮಿಯನ್ನು ಕಂಡವನೇ ಹೆಲ್ಮೆಟ್ ತೆಗೆದು ಎದೆಗೊತ್ತಿ ನಿಂತುಬಿಟ್ಟ. ಆಮೇಲೆ ಫೋನಿನಲ್ಲಿ ಒಂದು ಫೋಟೊ ತೋರಿಸಿದ: ಅಗಲ ಟೋಪಿ, ಎದೆಯ ಮೇಲೆ ತೋಟಾಗಳ ಪಟ್ಟಿ, ಅದೇ ಮೀಸೆ. ಎಮಿಲಿಯಾನೊ ಝಪಾಟಾ. ಕುದುರೆ ಪಳಗಿಸುತ್ತಿದ್ದ ಹಳ್ಳಿಯವನು. ಕಬ್ಬಿನ ಧಣಿಗಳು ನುಂಗಿದ ಹೊಲಗಳಿಗಾಗಿ ಬಂದೂಕು ಎತ್ತಿದವನು. ಕುರ್ಚಿಯ ಆಸೆಗೆ ಬಗ್ಗದವನು. ಉಳುವವನಿಗೇ ಭೂಮಿ ಎಂದನಂತೆ ಎಂದಾಗ ಮುನಿಸ್ವಾಮಿಗೆ ಮೈ ಜುಮ್ಮೆಂದಿತು. ಅವನಪ್ಪನಿಗೆ ಗೇಣಿ ಹೊಲ ಸ್ವಂತವಾದದ್ದೂ ಅದೇ ಮಾತಿನಿಂದ.

ನೂರು ವರ್ಷದ ಹಿಂದೆ ಝಪಾಟಾನನ್ನು ಸ್ನೇಹದ ನೆಪದಲ್ಲಿ ಕರೆಸಿ ಗುಂಡಿಟ್ಟು ಕೊಂದರು. ಹೆಣ ನೋಡಿದ ಹಳ್ಳಿಯವರು ಮಾತ್ರ ಇವನು ಅವನಲ್ಲ ಎಂದರು. ಅವನು ಅರಬ್ ಗೆಳೆಯನ ಜೊತೆ ಹಡಗು ಹತ್ತಿ ಅರೇಬಿಯಾಕ್ಕೆ ಹೋದ ಎಂದೇ ಅಲ್ಲಿ ಕಥೆ ಹುಟ್ಟಿತು. ತೊಂಬತ್ತು ದಾಟಿದ ರಾಮಿರೊನ ಅಜ್ಜಿ ಈಗಲೂ ಅದನ್ನು ನಂಬಿದ್ದಳು. ಅವಳಿಗೆ ವಿಡಿಯೊ ಕಾಲ್‌ನಲ್ಲಿ ಮುನಿಸ್ವಾಮಿಯ ದರ್ಶನವಾಯಿತು. ಅಜ್ಜಿ ಅತ್ತಳು. ಮುನಿಸ್ವಾಮಿ ಕೈ ಮುಗಿದ. ಅಂದಿನಿಂದ ಯಾರ್ಡಿನಲ್ಲಿ ಅವನ ನಡಿಗೆಯೇ ಬದಲಾಯಿತು.

ಎಡವಟ್ಟಾದದ್ದು ಲೇಬರ್ ಕ್ಯಾಂಪಿಗೆ ಹೋಗಬೇಕಿದ್ದ ಡೀಸೆಲ್ ಟ್ಯಾಂಕಿನಿಂದ. ಹನಿ ಸೋರಿದರೂ ಅರ್ಧ ಮೀಸೆ ಬೋಳಿಸುತ್ತೇನೆ ಎಂದು ಮುನಿಸ್ವಾಮಿ ಎಂದಿನಂತೆ ಹೇಳಿದ. ಕ್ರೇನ್ ನಡೆಸುವ ಮಂಗಳೂರಿನ ಲೂರ್ದ್ ಅದನ್ನು ಹಿಂದಿಯಲ್ಲಿ ಇಡೀ ಯಾರ್ಡಿಗೆ ಸಾರಿದ. ಪೇಶಾವರದ ವೆಲ್ಡರುಗಳಿಗೆ ನಮ್ಮ ರೂಢಿ ಏನು ಗೊತ್ತು? ಅವರಿಗೆ ಆಣೆ ಎಂದರೆ ಆಣೆ. ಪರೀಕ್ಷೆಯ ದಿನ ಒಬ್ಬ ರೇಜರನ್ನೇ ತಂದಿದ್ದ.

ಟ್ಯಾಂಕಿಗೆ ನೀರು ತುಂಬಿಸಿದರು. ಆಗಸ್ಟಿನ ಸೆಕೆಗೆ ಕಬ್ಬಿಣವೂ ಬೆವರಿತ್ತು. ಒಂದು ಬೆಸುಗೆಯ ಕೆಳಗೆ ಮಾತ್ರ ಹನಿ ದಪ್ಪಗಿತ್ತು. ರಾಮಿರೊ ಹನಿ ನೋಡಿದ, ಮೀಸೆ ನೋಡಿದ, ಅಜ್ಜಿಯನ್ನು ನೆನೆದ. ಕರವಸ್ತ್ರದಿಂದ ಒರೆಸಿ, ಇದು ಬೆವರು ಎಂದ. ಹನಿ ಮತ್ತೆ ಮೂಡಿತು. ಮತ್ತೆ ಒರೆಸಿ, ಸಹಿ ಹಾಕಲು ಪೆನ್ನು ತೆಗೆದ.

ಮುನಿಸ್ವಾಮಿ ಮೀಸೆ ಮುಟ್ಟಿಕೊಂಡ. ಸುಮ್ಮನಿದ್ದರೆ ಮೀಸೆ ಉಳಿಯುತ್ತಿತ್ತು. ಆದರೆ ಆ ಟ್ಯಾಂಕಿನ ಪಕ್ಕದಲ್ಲಿ ಜನ ಮಲಗುತ್ತಾರೆ. ಅದೂ ಅಲ್ಲದೆ ಫೋಟೊದಲ್ಲಿದ್ದವನು ತನ್ನನ್ನೇ ದುರುಗುಟ್ಟಿ ನೋಡಿದಂತಾಯಿತು.

"ಬೆವರು ಒಂದೇ ಕಡೆ ಬರಲ್ಲ ಸಾರ್," ಎಂದ ತನ್ನ ಅರೆಬರೆ ಇಂಗ್ಲಿಷಿನಲ್ಲಿ. "ಇದು ಲೀಕು. ಕೆರೆದು ಮತ್ತೆ ವೆಲ್ಡ್ ಮಾಡ್ಬೇಕು."

ರೇಜರ್ ತಂದವನೇ ಅದನ್ನು ಜೇಬಿಗಿಳಿಸಿ ತಲೆ ತಗ್ಗಿಸಿದ.

"ನಾನು ತಮಾಷೆಗೆ ಹೇಳಿದ್ದು ಮಾರಾಯ್ರೆ, ಬೋಳಿಸ್ಲಿಕ್ಕೆಲ್ಲ ಹೋಗ್ಬೇಡಿ," ಎಂದು ಲೂರ್ದ್ ಗೋಗರೆದ.

ಮುನಿಸ್ವಾಮಿ ಕೇಳದೆ ಆ ರೇಜರಿಗೇ ಕೈ ಚಾಚಿದ. ಅರ್ಧ ಹೋದ ಮೇಲೆ ಉಳಿದರ್ಧ ತೀರಾ ಅಸಹ್ಯವಾಗಿ ಕಂಡು ಅದನ್ನೂ ತೆಗೆದ. ಮನೆಯಲ್ಲಿ ಸುಮಿತ್ರಾ ಬಾಗಿಲು ತೆರೆದು, ಯಾರು ಬೇಕಿತ್ತು ಎಂದು ಕೇಳಿದಳು. ಗುರುತು ಹತ್ತಿದ ಮೇಲೆ ನಗು ತಡೆಯಲಾಗದೆ ಅಲ್ಲೇ ಕೂತುಬಿಟ್ಟಳು. ಅವನು ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ, ಮನಸಾರೆ ಅತ್ತ.

ಎರಡು ದಿನ ಬಿಟ್ಟು ಅಜ್ಜಿಯ ಕಾಲ್ ಬಂತು. ಮುನಿಸ್ವಾಮಿ ಕ್ರೇನಿನ ಹಿಂದೆ ಅಡಗಿದರೂ ರಾಮಿರೊ ಎಳೆದು ತಂದು ನಿಲ್ಲಿಸಿದ. ಪಾಪ, ಮುದುಕಿಯ ನಂಬಿಕೆ ಮುರಿದೆನಲ್ಲ ಎಂದು ಅವನು ತಲೆ ಎತ್ತಲಿಲ್ಲ. ಅಜ್ಜಿ ಆ ಬೋಳು ತುಟಿಯನ್ನು ತುಂಬಾ ಹೊತ್ತು ನೋಡಿ, ನಕ್ಕು, ಏನೋ ಅಂದಳು. ರಾಮಿರೊ ಕಣ್ಣೊರೆಸಿಕೊಂಡು ಅದರ ಅರ್ಥ ಹೇಳಿದ:

"ಹೀಗೆ ಬೋಳಿಸಿಕೊಂಡಿದ್ದಕ್ಕೇ ಅಲ್ಲವೇ, ಇಷ್ಟು ವರ್ಷ ಅವನು ಯಾರ ಕೈಗೂ ಸಿಗದೆ ಉಳಿದದ್ದು?"