ಸಂಡಿಗೆ ಕಾಯ್ದ ಹಸೆಮಣೆ

ಜೋಗಿಮಟ್ಟಿಯ ಮೇಲೆ ಮೋಡ ಕವಿದಿದ್ದ ಬೆಳಗ್ಗೆ ಚಿತ್ರದುರ್ಗದಲ್ಲಿ ಹೊಸದುರ್ಗದ ಬಸ್ಸು ಹತ್ತಿದೆ. ತೊಡೆಯ ಮೇಲೆ ಮರದ ತೇವ ಅಳೆಯುವ ಮೀಟರು, ಎದೆಯಲ್ಲಿ ಅಳುಕು. ಶಾಲೆಯಲ್ಲಿ ವಿಜ್ಞಾನದ ಮೇಷ್ಟ್ರಾದ ನಾನು ಕಟ್ಟಿದ ಕರೆಂಟಿನ ಪೆಟ್ಟಿಗೆ ಅಲ್ಲಿನ ಬಡಗಿ ಕಾಳಾಚಾರ್ ಮನೆಯ ಜಗಲಿಯಲ್ಲಿತ್ತು. ಆಳೆತ್ತರದ ಪೆಟ್ಟಿಗೆ, ಒಳಗೆ ಹೀಟರು, ಫ್ಯಾನು. ವರ್ಷಗಟ್ಟಲೆ ನೆರಳಲ್ಲಿ ಒಣಗುವ ಹಲಗೆಯನ್ನು ಕೆಲವೇ ವಾರಗಳಲ್ಲಿ ಒಣಗಿಸುತ್ತೇನೆಂದು ಜಂಬ ಕೊಚ್ಚಿದ್ದೆ. ಮೊದಲ ಸಲ ಇಟ್ಟ ಹಲಗೆಗಳು ಉದ್ದಕ್ಕೂ ಸೀಳಿದ್ದವು.

ಈ ಸಲ ಒಳಗಿದ್ದದ್ದು ಅವರ ಮಗಳ ಹಸೆಮಣೆಗೆಂದು ಕೊಯ್ದ ಹಲಸಿನ ಹಲಗೆ. ಹಿತ್ತಿಲ ಮರದ್ದೇ ಆಗಬೇಕೆಂಬುದು ಆ ಮನೆಯ ಪದ್ಧತಿ. ಮದುವೆ ದಿಢೀರನೆ ಗೊತ್ತಾಗಿ ಬೇರೆ ದಾರಿ ಇರಲಿಲ್ಲ. ಬಿರುಕು ಬಿಟ್ಟ ಮಣೆಯ ಮೇಲೆ ಅವರು ಮದುಮಕ್ಕಳನ್ನು ಕೂರಿಸುವುದಿಲ್ಲ.

ಹೊಳಲ್ಕೆರೆಯಲ್ಲಿ ಮಂಡಕ್ಕಿ, ಮೆಣಸಿನಕಾಯಿ ತಿಂದೆ. ಕಂಡಕ್ಟರು ಮೀಟರು ನೋಡಿ, "ರೇಡಿಯೋ ಏನ್ರಿ? ಹಾಕ್ರಿ, ಹಾಡು ಕೇಳಾಣ" ಎಂದ.

"ಮರ ಹಸಿಯೋ ಒಣವೋ ಹೇಳೋ ಯಂತ್ರ."

"ಹಂಗಾರೆ ನಮ್ಮ ಡ್ರೈವರ್ ತಲೆಗಿಟ್ಟು ನೋಡ್ರಿ!"

ಬಸ್ಸೆಲ್ಲ ನಕ್ಕಿತು. ಎಲ್ಲರಿಗಿಂತ ಜೋರಾಗಿ ಡ್ರೈವರೇ ನಕ್ಕ.

ಹೊಸದುರ್ಗದಲ್ಲಿ ಜಿಟಿಜಿಟಿ ಮಳೆ. "ಬರ್ರಿ ಮೇಷ್ಟ್ರೇ, ಕುಂತ್ಕಳ್ರಿ," ಎಂದರು ಕಾಳಾಚಾರ್. ಕೂರುವ ತಾಳ್ಮೆ ನನಗಿರಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದೆ. ಜೀರಿಗೆ, ಇಂಗಿನ ಘಮ ಮುಖಕ್ಕೆ ಹೊಡೆಯಿತು. ಹಲಗೆಯ ಕೆಳಗೆ ತಟ್ಟೆ ತುಂಬ ಅಕ್ಕಿ ಸಂಡಿಗೆ!

"ಬಾಗಿಲು ತೆಗೀಬೇಡಿ ಅಂದಿದ್ದೆನಲ್ಲ!" ಎಂದೆ.

ಅಡುಗೆಮನೆಯಿಂದ ಅವರ ಹೆಂಡತಿ ಗಂಗಮ್ಮ ಬಂದರು. "ಬಿಸ್ಲೇ ಇಲ್ಲ ಮೇಷ್ಟ್ರೇ. ಸಂಡಿಗೆ ಇಲ್ದೆ ಮದ್ವೆ ಹೆಂಗ್ರಿ? ಪೆಟ್ಟಿಗೆ ಹೆಂಗೂ ಬಿಸಿ ಐತಲ್ಲ ಅಂತ ದಿನಾ ಹಸಿ ಸಂಡಿಗೆ ಇಟ್ಟೆ."

"ಲೇ, ಮಗಳ ಮಣೆ ಹಾಳ್ಮಾಡಿದ್ಯಲ್ಲೇ!" ಕಾಳಾಚಾರ್ ತಲೆ ಮೇಲೆ ಕೈ ಹೊತ್ತರು.

ಹಲಗೆ ಹೊರತೆಗೆದು ಬೆಳಕಿಗೆ ಹಿಡಿದೆವು. ಅವರು ಅಂಗೈಯಿಂದ ಉದ್ದಕ್ಕೂ ಸವರಿದರು, ಮಗುಚಿ ಮತ್ತೆ ಸವರಿದರು. ಒಂದೂ ಬಿರುಕಿಲ್ಲ. ಮೀಟರಿನ ಸೂಜಿ ಚುಚ್ಚಿದೆ, ಮುಳ್ಳು ಒಣ ಎಂದು ತೋರಿಸಿತು. ಆಗ ನನಗೆ ಹೊಳೆಯಿತು. ಮೊದಲ ಸಲ ಬಿಸಿಗಾಳಿ ಹೊರಮೈಯನ್ನು ಬೇಗ ಒಣಗಿಸಿತ್ತು, ಒಳಗಿನ ಹಸಿ ಹಿಂದುಳಿದು ಹಲಗೆ ಸೀಳಿತ್ತು. ಈ ಸಲ ಸಂಡಿಗೆಯ ತೇವ ಗಾಳಿಗೆ ಸೇರಿ, ಹಲಗೆ ನಿಧಾನವಾಗಿ, ಒಂದೇ ಸಮನೆ ಒಣಗಿತ್ತು. ಖುಷಿಗೆ ಕುಣಿಯುವುದೊಂದು ಬಾಕಿ.

"ಇನ್ಮೇಲೆ ಅಲ್ಲಿ ನೀರಿನ ತಟ್ಟೆ ಇಡೋಣ," ಎಂದೆ.

"ಇಡ್ರಿ. ಆದ್ರೆ ಮದ್ವೆ ಮುಗಿಯೋ ತನ್ಕ ಆ ಜಾಗ ನಂದು," ಎಂದರು ಗಂಗಮ್ಮ.

ಊಟ ಮುಗಿಸಿ ಚಿತ್ರದುರ್ಗದ ಬಸ್ಸಿಗೆ ಹೊರಟೆ. ತಿರುವಿನಲ್ಲಿ ಹಿಂತಿರುಗಿ ನೋಡಿದೆ. ಗಂಗಮ್ಮ ಇನ್ನೊಂದು ತಟ್ಟೆ ಹಿಡಿದು ಬರುತ್ತಿದ್ದರು. ಪೆಟ್ಟಿಗೆಯ ಬಾಗಿಲು ತೆಗೆದು ಹಿಡಿದಿದ್ದವರು ಕಾಳಾಚಾರ್.